ನಾಲ್ಕನೇ ಕಾಲಂ

ವರ್ಷಕ್ಕೊಂದು ವಾರ ಬಸ್ ಡಿಪೋದಲ್ಲಿ ಎಲ್ಲರಿಗೂ ಇದ್ದಕ್ಕಿದ್ದಂತೆ ಹೆತ್ತವರ ಮೇಲೆ ಪ್ರೀತಿ ಉಕ್ಕುತ್ತದೆ. ಅದು ಆದಾಯ ತೆರಿಗೆಯ ವಿನಾಯಿತಿ ಫಾರಂ ತುಂಬುವ ವಾರ. ಫಾರಂನ ನಾಲ್ಕನೇ ಕಾಲಂನಲ್ಲಿ ‘ಅವಲಂಬಿತರು’ ಎಂದಿರುತ್ತದೆ. ಅಲ್ಲಿ ಒಂದು ಹೆಸರು ಬರೆದರೆ ಸಂಬಳದ ಒಂದು ಪಾಲಿಗೆ ತೆರಿಗೆ ಬೀಳುವುದಿಲ್ಲ. ಹಾಗಾಗಿ ವರ್ಷವಿಡೀ ಅಮ್ಮನಿಗೊಂದು ಫೋನ್ ಮಾಡದ ಡ್ರೈವರ್ ಕೂಡ ಆ ವಾರ ಅಮ್ಮನ ಹುಟ್ಟಿದ ತಾರೀಖನ್ನು ಅಂಗೈ ಮೇಲೆ ಬರೆದುಕೊಂಡು ಸಂಬಳ ವಿಭಾಗದ ಕಿಟಕಿಯೆದುರು ಸಾಲಿನಲ್ಲಿ ನಿಂತಿರುತ್ತಾನೆ.

ಕಿಟಕಿಯ ಒಳಗೆ ಕೂರುವವಳನ್ನು ಡಿಪೋದಲ್ಲಿ ಎಲ್ಲರೂ ಕರೆಯುವುದು ಫಾರಂ ಅಕ್ಕ ಎಂದು. ನಲವತ್ತೇಳು ವರ್ಷ, ಮದುವೆಯಾಗಿಲ್ಲ, ಕೋಪ ಸದಾ ಮೂಗಿನ ತುದಿಯಲ್ಲೇ. ಕಿವಿಯ ಹಿಂದೆ ಪೆನ್ನು, ಕೈಯಲ್ಲಿ ಒಂದು ಅಡಿ ಉದ್ದದ ಸ್ಟೀಲ್ ಸ್ಕೇಲು. ಸಹಿ ಗೆರೆ ದಾಟಿದರೆ ತೆರಿಗೆ ಕಚೇರಿಯ ಯಂತ್ರ ಫಾರಂ ತೆಗೆದುಕೊಳ್ಳುವುದಿಲ್ಲ. ಡಿಪೋದವರ ಸಹಿಗಳೋ, ತಿರುವಿನಲ್ಲಿ ಓಡುವ ಬಸ್ಸಿನಲ್ಲೇ ಹಾಕಿದ ಹಾಗಿರುತ್ತವೆ. ಆದ್ದರಿಂದ ಅವಳು ಗೆರೆಯ ಕೆಳಗೆ ಸ್ಕೇಲನ್ನು ಗಟ್ಟಿಯಾಗಿ ಒತ್ತಿ ಹಿಡಿಯುತ್ತಾಳೆ, ಅವರು ಅದರ ಅಂಚಿನ ಮೇಲೆ ಹೆಸರು ಕೂರಿಸುತ್ತಾರೆ.

ಫಾರಂ ಜತೆ ಬರುವ ಹದಿನಾರು ಪುಟದ ಸೂಚನೆಯನ್ನು ಡಿಪೋದಲ್ಲಿ ಪೂರ್ತಿ ಓದಿದವಳು ಅವಳೊಬ್ಬಳೇ. ಓದಿ, ಅರಗಿಸಿಕೊಂಡು, ಅದನ್ನು ಮೂರು ಪ್ರಶ್ನೆಗೆ ಇಳಿಸಿದ್ದಳು.

“ಒಂದೇ ಸೂರಿನಡಿ ಇದ್ದೀರಾ? ಊಟ ಹಾಕೋದು ಯಾರು? ಕಾಯಿಲೆ ಬಿದ್ರೆ ರಜೆ ಹಾಕೋದು ಯಾರು?”

ಮೊದಲೆರಡು ಸರ್ಕಾರದವು. ಮೂರನೆಯದು ಅವಳದೇ. ಸೂಚನೆಯ ಯಾವ ಪುಟದಲ್ಲೂ ಇಲ್ಲ. ಆದರೆ ಮೊದಲೆರಡಕ್ಕೆ ಸುಳ್ಳು ಹೇಳುವವರೆಲ್ಲ ಮೂರನೆಯದಕ್ಕೆ ತಡವರಿಸುತ್ತಿದ್ದರು.

“ಅಕ್ಕಾ, ನಮ್ಮ ನಾಯಿ ಬರೀಬಹುದಾ? ಒಂದೇ ಸೂರು, ಊಟ ನಂದೇ, ಹೋದ ತಿಂಗಳು ಅದಕ್ಕೆ ಹುಷಾರಿಲ್ಲ ಅಂತ ರಜೆನೂ ಹಾಕಿದೀನಿ,” ಎಂದು ಟೈರ್ ವಿಭಾಗದ ಮೆಕ್ಯಾನಿಕ್ ಹಲ್ಲು ಕಿರಿದ.

“ಅದರ ಸಹಿ ಹಾಕಿಸ್ಕೊಂಡು ಬಾ, ಬರ್ಕೋತೀನಿ.”

“ಅತ್ತೇನ ಬರೀಬಹುದಾ?” ಎಂದು ಒಬ್ಬ ಕಂಡಕ್ಟರ್ ಕೇಳಿದ. “ಬೇರೆ ಊರಲ್ಲಿದಾರೆ. ನನ್ನ ಭಾವಮೈದನೂ ಬರೆದಿರ್ತಾನೆ ಅನ್ಸುತ್ತೆ.”

“ಒಬ್ಬರನ್ನ ಒಂದು ಫಾರಂನಲ್ಲಿ ಮಾತ್ರ ಬರೀಬೇಕು. ಇಬ್ಬರು ಬರೆದ್ರೆ ಎರಡನೇದು ವಾಪಸ್ ಬರುತ್ತೆ. ಬೇರೆ ಊರಲ್ಲಿದ್ರೆ, ನನ್ನ ಸಾಕೋದು ಇವನೇ ಅಂತ ಅವರ ಕೈಯಿಂದ ಪ್ರತಿ ವರ್ಷ ಹೇಳಿಕೆ ಬರೆಸಿ ಸಹಿ ಹಾಕಿಸ್ಬೇಕು. ಹಾಕ್ತಾರಾ ನಿಮ್ಮತ್ತೆ?”

“ನನಗಾ? ಸತ್ರೂ ಹಾಕಲ್ಲ.”

ಸಾಲಿಗೆ ಸಾಲೇ ನಕ್ಕಿತು. ಹೀಗೆ ಇನ್ನೂರ ಹನ್ನೆರಡು ಜನರ ಅಪ್ಪ, ಅಮ್ಮ, ಹೆಂಡತಿ, ಕುಂಟ ತಮ್ಮ, ಕಿವುಡಿ ಚಿಕ್ಕಮ್ಮ ಎಲ್ಲರನ್ನೂ ನಾಲ್ಕನೇ ಕಾಲಂಗೆ ಹತ್ತಿಸಿದ ಮೇಲೆ ಅವಳು ತನ್ನ ಫಾರಂ ತೆಗೆದುಕೊಳ್ಳುತ್ತಿದ್ದಳು. ತೆಗೆದುಕೊಂಡು, ಅದೇ ಸ್ಕೇಲು ಇಟ್ಟು, ನಾಲ್ಕನೇ ಕಾಲಂನ ಮೇಲೆ ಅಡ್ಡ ಗೆರೆ ಎಳೆದು ‘ಯಾರೂ ಇಲ್ಲ’ ಎಂದು ಬರೆಯುತ್ತಿದ್ದಳು. ಹನ್ನೊಂದು ವರ್ಷ ಹಾಗೆ ಬರೆದಿದ್ದಳು. ಹನ್ನೊಂದು ವರ್ಷವೂ ಅವಳ ಮನೆಯಲ್ಲಿ ಅವಳ ಅಪ್ಪನಿದ್ದ.

ಅಪ್ಪ ಗಡಿಯಾರ ರಿಪೇರಿಯವನು. ಅಮ್ಮ ತೀರಿಕೊಂಡ ವರ್ಷವೇ ಅಂಗಡಿಯೂ ಹೋಯಿತು. ಜನ ಫೋನಿನಲ್ಲಿ ಗಂಟೆ ನೋಡಲು ಶುರು ಮಾಡಿದ ಮೇಲೆ ಆ ಗೂಡಂಗಡಿಗೆ ಯಾರು ಬರುತ್ತಾರೆ? ಒಂದು ಪೆಟ್ಟಿಗೆ ಬಟ್ಟೆ, ಒಂದು ಡಬ್ಬಿ ಚಿಮುಟ ಮತ್ತು ಸ್ಕ್ರೂಡ್ರೈವರು, ಕಣ್ಣಿಗೆ ಸಿಕ್ಕಿಸಿಕೊಳ್ಳುವ ಪುಟ್ಟ ಭೂತಗನ್ನಡಿ, ಇಷ್ಟು ಹಿಡಿದುಕೊಂಡು ಮಗಳ ಎರಡು ಕೋಣೆಯ ಮನೆಗೆ ಬಂದ. ಬಂದ ವರ್ಷವೇ ಅವಳು ಖುಷಿಯಿಂದ ಊಟದ ಮೇಜಿನ ಮೇಲೆ ಫಾರಂ ಹರಡಿಕೊಂಡು ನಾಲ್ಕನೇ ಕಾಲಂನಲ್ಲಿ ಅಪ್ಪನ ಹೆಸರು ಬರೆದಿದ್ದಳು. ಅಪ್ಪ ಅದನ್ನು ಓದಿದ. ಕೈಯಲ್ಲಿದ್ದ ಚಮಚ ಕೆಳಗಿಟ್ಟ.

“ಅವಲಂಬಿತ ಅಂದ್ರೆ ಏನೇ ಪುಟ್ಟಿ? ನಾನು ನಿನ್ನ ಹಂಗಲ್ಲಿ ಇದೀನಿ ಅಂತ ತಾನೆ? ಎಪ್ಪತ್ತು ವರ್ಷ ಯಾರ ಮುಂದೇನೂ ಕೈ ಚಾಚಿಲ್ಲ ನಾನು. ಈಗ ಹೆಣ್ಣುಮಗಳ ಮನೇಲಿ ಬಿದ್ದಿದೀನಿ ಅಂತ ಸರ್ಕಾರಕ್ಕೆ ಬರೆದು ಕೊಡ್ತೀಯಾ?”

ಆ ರಾತ್ರಿ ಅವನು ಊಟ ಮಾಡಲಿಲ್ಲ. ಮರುದಿನ ಬೆಳಿಗ್ಗೆಯೂ ಮಾಡಲಿಲ್ಲ. ಅವಳು ಫಾರಂ ಹರಿದು ಹಾಕಿ ಹೊಸದು ತಂದಳು. ಅಪ್ಪನ ಮರ್ಯಾದೆಗೆ ಬೆಲೆ ಕಟ್ಟಲಾಗುತ್ತದೆಯೇ? ಕಟ್ಟಲಾಗುತ್ತದೆ, ತೆರಿಗೆ ಇಲಾಖೆ ತಿಂಗಳು ತಿಂಗಳು ಸಂಬಳದಲ್ಲಿ ಮುರಿದುಕೊಳ್ಳುತ್ತದೆ. ಅವಳು ಹಳೆಯ ಕೋಟನ್ನೇ ತಿರುಗಿಸಿ ಹೊಲಿಸಿಕೊಂಡಳೇ ಹೊರತು ಒಂದು ದಿನ ಗೊಣಗಲಿಲ್ಲ. ಅಪ್ಪನ ಸ್ವಾಭಿಮಾನದ ಬಗ್ಗೆ ಅವಳಿಗೆ ಒಳಗೊಳಗೇ ಹೆಮ್ಮೆ ಕೂಡ ಇತ್ತು.

ಈ ವರ್ಷ ಮಾತ್ರ ಹೆಮ್ಮೆ ಕೆಲಸಕ್ಕೆ ಬರಲಿಲ್ಲ. ಅಪ್ಪನ ಎರಡೂ ಕಣ್ಣಿಗೆ ಪೊರೆ ಬೆಳೆದಿತ್ತು. ತಟ್ಟೆಯ ಅಂಚು ಕಾಣದೆ ಚಮಚ ಮೇಜಿಗೆ ಬಡಿಯುತ್ತಿತ್ತು. ಇನ್ನು ತಡಮಾಡಿದರೆ ಎಡಗಣ್ಣು ಉಳಿಯುವುದಿಲ್ಲ ಎಂದು ಕಣ್ಣಿನ ಡಾಕ್ಟರು ಹೇಳಿ, ಮುಂದಿನ ತಿಂಗಳ ಇಪ್ಪತ್ತೆರಡಕ್ಕೆ ಆಪರೇಷನ್ ಗೊತ್ತು ಮಾಡಿದರು. ಡಿಪೋದ ಚಿಕಿತ್ಸಾ ನಿಧಿ ಅದರ ಖರ್ಚು ಪೂರ್ತಿ ಕೊಡುತ್ತದೆ. ಆದರೆ ಕೊಡುವುದು ನೌಕರರ ತೆರಿಗೆ ಫಾರಂನ ನಾಲ್ಕನೇ ಕಾಲಂನಲ್ಲಿ ಇರುವವರಿಗೆ ಮಾತ್ರ. ಅವಳ ಬಳಿ ಕೈಯಿಂದ ಹಾಕುವಷ್ಟು ದುಡ್ಡಿರಲಿಲ್ಲ.

ಒಂದೇ ಮನೆಯಲ್ಲಿರುವವರ ಸಹಿ ಬೇಕಿಲ್ಲ. ಹಾಗಾಗಿ ಅವಳು ಅಪ್ಪನಿಗೆ ಹೇಳದೆ, ಕಿಟಕಿ ಮುಚ್ಚಿ, ಕಳ್ಳಿಯ ಹಾಗೆ ಅವನ ಹೆಸರು ಬರೆದಳು. ಹನ್ನೆರಡು ದಿನಕ್ಕೆ ಫಾರಂ ಕೆಂಪು ಮುದ್ರೆ ಹೊತ್ತು ವಾಪಸ್ ಬಂತು: ‘ಈ ವ್ಯಕ್ತಿಯನ್ನು ಈಗಾಗಲೇ ಇನ್ನೊಬ್ಬರ ಅವಲಂಬಿತರೆಂದು ನಮೂದಿಸಲಾಗಿದೆ.’

ಯಂತ್ರಕ್ಕೆ ತಲೆ ಕೆಟ್ಟಿದೆ ಎಂದುಕೊಂಡು ಅವಳು ಅರ್ಧ ದಿನ ರಜೆ ಹಾಕಿ ತೆರಿಗೆ ಕಚೇರಿಗೆ ಹೋದಳು. ಅಲ್ಲಿನ ಗುಮಾಸ್ತೆ ಇವಳಂಥದೇ ಕಿಟಕಿಯಲ್ಲಿ ಕುಳಿತ, ಇವಳಷ್ಟೇ ವಯಸ್ಸಿನ ಹೆಂಗಸು. ಒಂದು ಕಡತ ತಂದು ಗಾಜಿನ ಕೆಳಗಿಂದ ತಳ್ಳಿದಳು.

“ಯಂತ್ರ ಸರಿಯಾಗೇ ಇದೆ ಮೇಡಂ. ನೋಡ್ಕೊಳ್ಳಿ.”

ಒಳಗೆ, ಈ ವರ್ಷದ್ದೂ ಸೇರಿ, ಹನ್ನೆರಡು ಹೇಳಿಕೆ ಪತ್ರಗಳಿದ್ದವು. ‘ನಾನು ಬೇರೆ ಊರಿನಲ್ಲಿ ವಾಸವಿದ್ದರೂ ನನ್ನ ಊಟ, ವಸತಿ, ಔಷಧಿಯ ಸಂಪೂರ್ಣ ಖರ್ಚನ್ನು ನನ್ನ ಮಗನೇ ಭರಿಸುತ್ತಿದ್ದಾನೆ. ನಾನು ಅವನ ಅವಲಂಬಿತ.’ ಮಗನೆಂದರೆ ಬೇರೆ ಊರಿನಲ್ಲಿರುವ ಅವಳ ಅಣ್ಣ. ಕೆಳಗೆ ಅಪ್ಪನ ಸಹಿ. ಗಡಿಯಾರದ ಮುಳ್ಳಿನಂಥ ಸಣ್ಣ, ಚೂಪು ಅಕ್ಷರ. ಬೇರೆ ಯಾರೂ ಹಾಗೆ ಬರೆಯಲಾರರು.

ಮೊದಲನೆಯದರ ತಾರೀಖು ನೋಡಿದಳು. ಹನ್ನೊಂದು ವರ್ಷದ ಹಿಂದೆ, ಫಾರಂ ವಾರ. ಅಪ್ಪ ಚಮಚ ಕೆಳಗಿಟ್ಟು ಉಪವಾಸ ಕೂತ ಅದೇ ವಾರ.

ಅವಳು ಕಡತವನ್ನು ಹತ್ತಿರಕ್ಕೆ ಎಳೆದುಕೊಂಡಳು. ಒಂದೊಂದೇ ಹಾಳೆ ತಿರುವಿದಳು. ಈಚಿನ ಎರಡು ವರ್ಷ ಅಪ್ಪನ ಕಣ್ಣು ಮಂಜಾಗಿದ್ದರೂ ಸಹಿ ಮಾತ್ರ ಗೆರೆಯ ಮೇಲೆ ನೆಟ್ಟಗೆ ಕೂತಿತ್ತು. ಸಹಿಯ ಕೆಳಗೆ, ಬೆಳಕಿಗೆ ಹಿಡಿದರೆ, ಯಾವುದೋ ಗಟ್ಟಿ ಅಂಚು ಒತ್ತಿದ ಗುರುತು. ಅವಳಿಗೆ ನೆನಪಾಯಿತು. “ಬ್ಯಾಂಕಿನ ಕಾಗದ ಪುಟ್ಟಿ, ಎಲ್ಲಿ ಹಾಕ್ಬೇಕು ತೋರ್ಸು,” ಎಂದು ಅಪ್ಪ ಮಡಚಿದ ಕಾಗದ ತಂದಿದ್ದ. ಸಹಿಯ ಜಾಗವಷ್ಟೇ ಹೊರಗೆ ಕಾಣುತ್ತಿತ್ತು. ಅಪ್ಪನ ಕಾಗದವನ್ನು ಬಿಡಿಸಿ ಓದುವುದು ಮರ್ಯಾದೆಯಲ್ಲ ಎಂದು ಅವಳು ಓದದೆಯೇ ಸ್ಕೇಲು ಒತ್ತಿ ಹಿಡಿದಿದ್ದಳು. ಹಿಂದಿನ ವರ್ಷವೂ ಹಿಡಿದಿದ್ದಳು, ಈ ವರ್ಷವೂ ಹಿಡಿದಿದ್ದಳು. ಊರಿನವರಿಗೆಲ್ಲ ಓದದೆ ಸಹಿ ಹಾಕಬೇಡಿ ಎಂದು ಕಿವಿ ಹಿಂಡುವ ಫಾರಂ ಅಕ್ಕ!

“ನಿಮ್ಮಣ್ಣ ವಾಪಸ್ ತಗೋಬೇಕು, ಇಲ್ಲಾಂದ್ರೆ ನಿಮ್ಮ ತಂದೆ ಹೊಸ ಹೇಳಿಕೆ ಕೊಡ್ಬೇಕು,” ಎಂದಳು ಗುಮಾಸ್ತೆ, ಸ್ವಲ್ಪ ಮೆತ್ತಗೆ. “ಹದಿನೈದು ದಿನ ಟೈಮಿದೆ. ಎಷ್ಟು ವರ್ಷದಿಂದ ನಿಮ್ಮ ಜೊತೆ ಇದಾರೆ ಅನ್ನೋದನ್ನೂ ಅದರಲ್ಲಿ ಬರೀಬೇಕು. ಅಷ್ಟೂ ವರ್ಷದ ವಿನಾಯಿತೀನ ನಿಮ್ಮಣ್ಣನ ಹತ್ರ ವಸೂಲಿ ಮಾಡ್ತಾರೆ, ಈಗಲೇ ಹೇಳಿರ್ತೀನಿ.”

ಮನೆಗೆ ಬಂದಾಗ ಅಪ್ಪ ಕಿಟಕಿಯ ಬಳಿ ಕುಳಿತು, ಪಕ್ಕದ ಮನೆಯವರ ಅಲಾರಂ ಗಡಿಯಾರವನ್ನು ಕೈಯಲ್ಲೇ ತಡವಿ ಬಿಚ್ಚುತ್ತಿದ್ದ. ಭೂತಗನ್ನಡಿ ಅಭ್ಯಾಸಬಲದಿಂದ ಕಣ್ಣಿನಲ್ಲಿತ್ತು. ಅದರಿಂದ ಅವನಿಗೇನೂ ಕಾಣುತ್ತಿರಲಿಲ್ಲ.

“ಅಪ್ಪ, ಅಣ್ಣನಿಗೆ ಎಷ್ಟು ವರ್ಷದಿಂದ ಸಹಿ ಹಾಕಿ ಕಳಿಸ್ತಿದೀಯ?”

ಚಿಮುಟ ನಿಂತಿತು. ಅಪ್ಪ ತಬ್ಬಿಬ್ಬಾಗಲಿಲ್ಲ, ಅದೇ ಅವಳ ಮೈ ಉರಿಸಿದ್ದು. ಹವಾಮಾನ ಹೇಳುವ ಹಾಗೆ ಹೇಳಿದ: “ಅವನು ಪೋಸ್ಟಲ್ಲಿ ಕಳಿಸ್ತಾನೆ. ಸಹಿ ಮಾಡಿ ಪೋಸ್ಟ್ ಡಬ್ಬಕ್ಕೆ ಹಾಕಿ ಬರ್ತೀನಿ. ಅವನಿಗೂ ಖರ್ಚು ಜಾಸ್ತಿ ಕಣೇ. ಎರಡು ಮಕ್ಕಳು, ಕಾರಿನ ಕಂತು.”

“ನಾನು ಬರೆದಾಗ ಊಟ ಬಿಟ್ಟೆಯಲ್ಲಪ್ಪ! ಯಾರ ಹಂಗಲ್ಲೂ ಇಲ್ಲ ಅಂದೆ!”

“ಅದೂ ಇದೂ ಒಂದೇನಾ? ಗಂಡುಮಗ ಅಪ್ಪನ್ನ ಸಾಕಿದ್ರೆ ಅದು ಹಂಗಲ್ಲ ಪುಟ್ಟಿ, ಅದು ಪದ್ಧತಿ. ಯಾರು ಓದಿದ್ರೂ ತಲೆ ತಗ್ಗಿಸೋ ಹಾಗಿಲ್ಲ.”

“ಅವನು ಸಾಕ್ತಿಲ್ಲವಲ್ಲ!”

“ಕಾಗದದಲ್ಲಿ ತಾನೆ ಬರೆದಿರೋದು.”

ಅವಳಿಗೆ ಪಿತ್ತ ನೆತ್ತಿಗೇರಿತು. ಕಾಗದದಲ್ಲಿ ತಾನೆ ಎಂದು ಅವಳ ಮುಂದೆ ಹೇಳುತ್ತಾನಲ್ಲ! ಅವನ ಹಿಂದೆ ಓಡಾಡಿ ಅವಳ ಮಂಡಿ ಸವೆದದ್ದು, ಚಳಿಗೆ ಹಳೆ ಕೋಟಿನಲ್ಲಿ ನಡುಗಿದ್ದು, ಅವನಿಗೆ ನ್ಯುಮೋನಿಯಾ ಆದಾಗ ಇಪ್ಪತ್ತಾರು ದಿನ ರಜೆ ಹಾಕಿ ಆಸ್ಪತ್ರೆಯ ಸ್ಟೂಲಿನ ಮೇಲೆ ಕೂತದ್ದು, ಅದೆಲ್ಲ ಯಾವ ಕಾಗದದಲ್ಲೂ ಇಲ್ಲ. ಕಾಗದದಲ್ಲಿ ಅವಳಿಗೆ ‘ಯಾರೂ ಇಲ್ಲ’. ಅಷ್ಟು ವರ್ಷ ಅವನು ಕಾಪಾಡಿಕೊಂಡದ್ದು ಸ್ವಾಭಿಮಾನವಲ್ಲ, ಅವಳಿಂದ ತಗೊಂಡೆ ಎಂದು ಒಪ್ಪಿಕೊಳ್ಳದ ಹಟ. ಅವಳಿಗೆ ಅಳು ಬರಲಿಲ್ಲ. ಬಂದಿದ್ದರೆ ಚೆನ್ನಾಗಿರುತ್ತಿತ್ತು. ಅಡುಗೆಮನೆಗೆ ಹೋಗಿ ಪಾತ್ರೆಗಳನ್ನು ಪಕ್ಕದ ಮನೆಗೆ ಕೇಳುವ ಹಾಗೆ ತೊಳೆದಳು. ಆಮೇಲೆ ಅಣ್ಣನಿಗೆ ಫೋನ್ ಮಾಡಿ, ಭಾನುವಾರ ಬಾ ಎಂದಳು. ಯಾಕೆ ಎಂದು ಕೇಳಿದ್ದಕ್ಕೆ ಫೋನ್ ಇಟ್ಟಳು.

ಭಾನುವಾರ ಮಧ್ಯಾಹ್ನ ಅಣ್ಣ ಬಂದ. ಕೈಯಲ್ಲಿ ಒಂದು ಚೀಲ ಕಿತ್ತಳೆ. ಅವನು ವರ್ಷಕ್ಕೆರಡು ಸಲ ಬರುತ್ತಿದ್ದ, ಎರಡು ಸಲವೂ ಕಿತ್ತಳೆ ತರುತ್ತಿದ್ದ. ಅಪ್ಪನಿಗೆ ಹುಳಿ ತಿಂದರೆ ಎದೆ ಉರಿಯುತ್ತದೆ ಎಂಬುದು ಅವನಿಗೆ ಎರಡು ಸಲವೂ ನೆನಪಿರುತ್ತಿರಲಿಲ್ಲ. ಕಿತ್ತಳೆಯೆಲ್ಲ ಡಿಪೋದ ಡ್ರೈವರುಗಳ ಪಾಲಾಗುತ್ತಿತ್ತು.

“ಇಷ್ಟಕ್ಕೆ ಇಷ್ಟೊಂದು ರಾದ್ಧಾಂತಾನಾ?” ಎಂದ, ವಿಷಯ ಕೇಳಿ. “ನೀನು ಬರ್ಕೊಂಡಿರಲಿಲ್ಲ. ಸುಮ್ನೆ ಹಾಳಾಗ್ತಿತ್ತು, ನಾನು ಬರ್ಕೊಂಡೆ. ಅಷ್ಟೇ ತಾನೆ?”

“ಹಾಳಾಗ್ತಿತ್ತು? ಅಪ್ಪ ಏನು ನಿನ್ನೆ ಉಳಿದ ಬ್ರೆಡ್ಡಾ?”

“ನೋಡು, ಈಗ ವಾಪಸ್ ತಗೊಂಡ್ರೆ ಹಿಂದಿಂದೆಲ್ಲ ಕೆದಕ್ತಾರೆ. ಬಡ್ಡಿ, ದಂಡ ಎಲ್ಲ ಹಾಕ್ತಾರೆ. ಒಂದು ವರ್ಷ ತಡ್ಕೋ. ಮುಂದಿನ ವರ್ಷ ಆಪರೇಷನ್ ನಾನೇ ಮಾಡಿಸ್ತೀನಿ.”

“ಒಂದು ವರ್ಷಕ್ಕೆ ಎಡಗಣ್ಣು ಹೋಗುತ್ತೆ ಅಂದಿದಾರೆ ಡಾಕ್ಟ್ರು.”

“ಡಾಕ್ಟ್ರುಗಳು ಹಾಗೇ ಹೇಳೋದು.”

ಅವಳು ಕುರ್ಚಿ ಎಳೆದುಕೊಂಡು ಮೇಜಿನ ಈಚೆ ಕುಳಿತಳು. ಕಿವಿಯ ಹಿಂದಿನ ಪೆನ್ನು ತೆಗೆದಳು. ಡಿಪೋದ ಕಿಟಕಿಯಲ್ಲಿ ಕೂತಂತೆಯೇ ಕೂತು, ಅಲ್ಲಿನ ದನಿಯಲ್ಲೇ ಕೇಳಿದಳು.

“ಒಂದೇ ಸೂರಿನಡಿ ಇದ್ದೀರಾ?”

“ಏನು ತಮಾಷೆ ಇದು?”

“ಇಲ್ಲ ಅಂತ ಬರ್ಕೋತೀನಿ. ಊಟ ಹಾಕೋದು ಯಾರು? ಬೇಡ, ಸುಲಭದ್ದು ಕೇಳ್ತೀನಿ. ಯಾವ ಕಡೆ ಹಲ್ಲಲ್ಲಿ ಅಗೀತಾನೆ ಅಪ್ಪ?”

ಅಣ್ಣ ಅಪ್ಪನ ಕಡೆ ನೋಡಿದ, ಹಲ್ಲು ಹೊರಗಿನಿಂದ ಕಾಣುತ್ತದೇನೋ ಎಂಬಂತೆ.

“ಕಾಯಿಲೆ ಬಿದ್ರೆ ರಜೆ ಹಾಕೋದು ಯಾರು? ನ್ಯುಮೋನಿಯಾ ಆಗಿದ್ದು ಯಾವ ವರ್ಷ? ಎಷ್ಟು ದಿನ ಆಸ್ಪತ್ರೆ? ಹೇಳಣ್ಣ, ಹಿಂದೆ ಸಾಲಿದೆ.”

“ಬಾಯಿ ಮುಚ್ಚು! ಅಪ್ಪನೇ ಹೇಳಲಿ,” ಎಂದು ಅಣ್ಣ ಎದ್ದು ನಿಂತ. ಜೇಬಿನಿಂದ ಮಡಚಿದ ಕಾಗದ ತೆಗೆದು ಮೇಜಿನ ಮೇಲೆ ಬಿಚ್ಚಿ, ಪೆನ್ನನ್ನು ಅಪ್ಪನ ಬೆರಳಿಗೆ ಸಿಕ್ಕಿಸಿದ. ತೆರಿಗೆ ಕಚೇರಿಯಿಂದ ಅವನಿಗೂ ಪತ್ರ ಹೋಗಿತ್ತು, ಅವನೂ ಬರಿಗೈಯಲ್ಲಿ ಬಂದಿರಲಿಲ್ಲ. “ಮಾಮೂಲಿ ಹೇಳಿಕೆ ಅಪ್ಪ. ಇನ್ನೊಂದು ಸಲ ಕೊಟ್ಬಿಟ್ರೆ ಅವಳ ಫಾರಂ ಬಿದ್ದುಹೋಗುತ್ತೆ. ಇಲ್ಲಿ ಹಾಕು.”

ಅಪ್ಪ ಪೆನ್ನು ಹಿಡಿದು ಕಾಗದದ ಮೇಲೆ ಬಾಗಿದ. ಮೂಗು ತಾಗುವಷ್ಟು ಬಾಗಿದರೂ ಗೆರೆ ಕಾಣಲಿಲ್ಲ. ಕೈ ಕಾಗದದ ಮೇಲೆ ತಡಕಾಡಿತು. ಆಮೇಲೆ ತಲೆಯೆತ್ತಿ, ಮಗನ ಕಡೆಗಲ್ಲ, ಮಗಳ ಕಡೆಗೆ ಎಡಗೈ ಚಾಚಿದ.

“ಪುಟ್ಟಿ, ಸ್ಕೇಲು ಹಿಡಿಯೇ. ಎಲ್ಲಿ ಹಾಕ್ಬೇಕು ತೋರ್ಸು.”

ಅಪ್ಪನಿಗೇ ತಾನು ಏನು ಕೇಳಿದೆ ಎಂಬುದು ಆಮೇಲೆ ತಿಳಿಯಿತು. ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲೂ ಆಗದೆ ಹಾಗೇ ಗಾಳಿಯಲ್ಲಿ ಹಿಡಿದುಕೊಂಡಿದ್ದ.

“ಹಿಡೀತೀನಿ ಅಪ್ಪ,” ಎಂದಳು ಅವಳು. “ಎರಡು ವರ್ಷ ಓದದೆ ಹಿಡಿದೆ. ಈ ಸಲ ಓದಿ ಹಿಡೀತೀನಿ.”

ಅಣ್ಣನ ಕಾಗದ ಎತ್ತಿಕೊಂಡು ಗಟ್ಟಿಯಾಗಿ, ಒಂದೊಂದು ಪದಕ್ಕೂ ನಿಂತು ಓದಿದಳು. ನನ್ನ ಊಟ. ನನ್ನ ವಸತಿ. ನನ್ನ ಔಷಧಿ. ಹನ್ನೊಂದು ವರ್ಷದಿಂದ ತಾನೇ ಸಹಿ ಹಾಕುತ್ತ ಬಂದ ಮಾತನ್ನು ಅಪ್ಪ ಮೊದಲ ಸಲ ಅವಳ ಬಾಯಲ್ಲಿ ಕೇಳಿದ. ‘ಔಷಧಿ’ ಎಂದಾಗ ಅವನ ಎಡಗೈ ತಾನಾಗಿಯೇ ಅಂಗಿಯ ಜೇಬಿಗೆ ಹೋಯಿತು. ಬೆಳಿಗ್ಗೆ ಅವಳು ಎಣಿಸಿ ಹಾಕಿಟ್ಟ ಮಾತ್ರೆಗಳ ಡಬ್ಬಿ ಅಲ್ಲಿತ್ತು. ಆಮೇಲೆ ಅವಳು ಗುಮಾಸ್ತೆ ಕೊಟ್ಟಿದ್ದ ಹೊಸ ಹೇಳಿಕೆಯ ಕಾಗದ ಓದಿದಳು, ಅದರಲ್ಲಿ ಮಗನ ಜಾಗದಲ್ಲಿ ಮಗಳು ಎಂದಿತ್ತು. ಎರಡನ್ನೂ ಅವನ ಮುಂದೆ ಪಕ್ಕಪಕ್ಕದಲ್ಲಿಟ್ಟು, ಸ್ಕೇಲನ್ನು ಕೈಯಲ್ಲೇ ಹಿಡಿದು ಕೂತಳು.

“ಎಡಗಡೆದು ಅಣ್ಣಂದು. ಬಲಗಡೆದು ನಂದು. ಯಾವುದರ ಮೇಲಿಡಲಿ ಹೇಳು.”

“ಅಪ್ಪ,” ಎಂದ ಅಣ್ಣ, “ಯೋಚನೆ ಮಾಡು. ಮನೆತನದ ಮರ್ಯಾದೆ...”

“ನಿನಗೆ ಕಿತ್ತಳೆ ಬೇಡ ಅಂತ ಎಷ್ಟು ಸಲ ಹೇಳಿಲ್ಲ ನಾನು?” ಎಂದು ಅಪ್ಪ ಥಟ್ಟನೆ ರೇಗಿದ. ಎಲ್ಲಿಯದೋ ಮಾತು ಎಲ್ಲಿಗೋ ಬಂತು. ಆಮೇಲೆ ಮೇಜು ಸವರುತ್ತ ಮೆಲ್ಲಗೆ ಹೇಳಿದ: “ಬಲಗಡೆ ಇಡು ಪುಟ್ಟಿ.”

ಅಣ್ಣ ಕಾರಿನ ಕೀಲಿ ತೆಗೆದುಕೊಂಡ. ಬಾಗಿಲು ಬಡಿದ ರಭಸಕ್ಕೆ ಅಲಾರಂ ಗಡಿಯಾರದ ಬಿಚ್ಚಿಟ್ಟ ಚಕ್ರವೊಂದು ಮೇಜಿನಿಂದ ಉರುಳಿತು. ಅವಳು ಅದನ್ನು ಹೆಕ್ಕಲಿಲ್ಲ. ಸ್ಕೇಲು ಒತ್ತಿ ಹಿಡಿದಳು, ಅಪ್ಪ ಅದರ ಅಂಚಿನ ಮೇಲೆ ಸಹಿ ಮಾಡಿದ. ಅವಳ ಎದೆಯ ಉರಿ ಎಳ್ಳಷ್ಟೂ ತಣ್ಣಗಾಗಲಿಲ್ಲ. ಆಗುತ್ತಿತ್ತೇನೋ, ಅಪ್ಪ ಬಾಯಿ ಮುಚ್ಚಿಕೊಂಡಿದ್ದರೆ.

“ಇನ್ನೇನಾದ್ರೂ ಬರೆಯೋದಿದೆಯಾ?” ಎಂದು ಕೇಳಿದ.

“ಎಷ್ಟು ವರ್ಷದಿಂದ ನನ್ನ ಜೊತೆ ಇದೀಯ ಅಂತ.”

ಅಪ್ಪ ಪೆನ್ನಿನ ಮುಚ್ಚಳ ಹಾಕಿದ, ತೆಗೆದ, ಮತ್ತೆ ಹಾಕಿದ. “ಈ ವರ್ಷದಿಂದ ಅಂತ ಬರ್ದುಬಿಡೇ. ಆಪರೇಷನ್ನಿಗೆ ಅಷ್ಟು ಸಾಕು ತಾನೆ? ಹಿಂದಿಂದೆಲ್ಲ ಬರೆದ್ರೆ ಪಾಪ, ಅವನಿಗೆ ತೊಂದ್ರೆ ಆಗುತ್ತೆ.”

ಅವಳು ಅಪ್ಪನ ಮುಖ ನೋಡಿದಳು. ಮಂಜುಗಟ್ಟಿದ ಎರಡು ಕಣ್ಣು ಅವಳು ಕೂತ ಕಡೆಗಿಂತ ಒಂದು ಗೇಣು ಆಚೆ, ಖಾಲಿ ಗೋಡೆಯನ್ನು ನೋಡುತ್ತಿದ್ದವು. ಪಾಪ ಎಂಬ ಪದ ಈ ಮನೆಯಲ್ಲಿ ಯಾರಿಗೆ ಹೋಗಿ ಸೇರಿತು ನೋಡಿ. ಅವಳು ಅವನ ಕೈಯಿಂದ ಪೆನ್ನು ತೆಗೆದುಕೊಂಡು, ಆ ಖಾನೆಯಲ್ಲಿ ಅಂಕಿಯಲ್ಲೂ ಅಕ್ಷರದಲ್ಲೂ, ಒತ್ತಿ, ಹಿಂದಿನ ಪುಟಕ್ಕೂ ಮೂಡುವ ಹಾಗೆ ಹನ್ನೊಂದು ಎಂದು ಬರೆದಳು. ಕಾಗದವನ್ನು ಮಡಚಿ ಕೋಟಿನ ಜೇಬಿಗೆ ಹಾಕಿಕೊಂಡಳು.

“ಏನಂತ ಬರೆದೆ?” ಎಂದ ಅಪ್ಪ.

“ಇಪ್ಪತ್ತೆರಡಕ್ಕೆ ಕಣ್ಣು ಬರುತ್ತಲ್ಲ ಅಪ್ಪ,” ಎಂದಳು ಮಗಳು. “ಆಮೇಲೆ ನೀನೇ ಓದ್ಕೋ.”